ಹಬ್ಬದ ಸಿಹಿಯನ್ನು ಮನೆಯಲ್ಲೇ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬ ಹತ್ತಿರವಾದಾಗ ಅಡುಗೆಮನೆಯಿಂದ ಬರುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚು ಕಡಿಮೆ ಅವೇ ಆಗಿರುತ್ತವೆ. ಹೂರಣ ನೀರಾಯಿತು, ಕಜ್ಜಾಯ ಎಣ್ಣೆಯಲ್ಲಿ ಬಿಚ್ಚಿಕೊಂಡಿತು, ಚಕ್ಕುಲಿ ಮೆತ್ತಗಾಯಿತು, ಪಾಯಸ ಒಡೆಯಿತು, ಎಳ್ಳು-ಬೆಲ್ಲ ಮುದ್ದೆಗಟ್ಟಿತು ಎಂಬ ದೂರುಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಬಹುಪಾಲು ತೊಂದರೆಗಳಿಗೆ ಕಾರಣ, ಯಾವ ಪಾಕಪಟ್ಟಿಯಲ್ಲೂ ಸರಿಯಾದ ಅಳತೆ ಬರೆಯಲಾಗದ ಒಂದೇ ಪದಾರ್ಥ, ಅಂದರೆ ನೀರು. ಬೇಳೆಯಲ್ಲಿ ಉಳಿದ ನೀರು, ಹಿಟ್ಟಿನಲ್ಲಿ ಉಳಿಯಬೇಕಾಗಿದ್ದ ತೇವ, ಪಾಕದಿಂದ ಇನ್ನೂ ಹೋಗದ ನೀರು. ಕೆಳಗಿನ ಉತ್ತರಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಇಲ್ಲಿ ಹೇಳದಿರುವ ತಿಂಡಿಗಳಿಗೂ ಉತ್ತರ ನೀವೇ ಕಂಡುಕೊಳ್ಳಬಹುದು.

ಒಬ್ಬಟ್ಟು ಮತ್ತು ಹೋಳಿಗೆ ಒಂದೆಯೇ, ಬೇರೆ ಬೇರೆಯೇ?

ತಿಂಡಿ ಒಂದೇ, ಹೆಸರು ಎರಡು. ಹಳೆ ಮೈಸೂರಿನ ಕಡೆ ಒಬ್ಬಟ್ಟು ಎನ್ನುವುದು ಹೆಚ್ಚು ರೂಢಿ. ಉತ್ತರ ಕರ್ನಾಟಕದಲ್ಲಿಯೂ ಕರಾವಳಿಯಲ್ಲಿಯೂ ಹೋಳಿಗೆ ಎನ್ನುತ್ತಾರೆ. ವ್ಯತ್ಯಾಸವಿರುವುದು ಮಾಡುವ ಕ್ರಮದಲ್ಲಿ. ಮೈಸೂರು, ಮಂಡ್ಯ, ತುಮಕೂರಿನ ಮನೆಗಳಲ್ಲಿ ಸಾಮಾನ್ಯವಾಗಿ ತೊಗರಿಬೇಳೆಯ ಹೂರಣ ಮಾಡಿ, ಚಿರೋಟಿ ರವೆ ಮತ್ತು ಮೈದಾ ಸೇರಿಸಿದ ಮೆತ್ತನೆಯ ಕಣಕದಲ್ಲಿ ತುಂಬಿ, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಕೈಯಿಂದ ತಟ್ಟುತ್ತಾರೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕಡಲೆಬೇಳೆಯ ಹೂರಣ ಮಾಡಿ, ಹಿಟ್ಟು ಉದುರಿಸಿ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ತೊಗರಿಬೇಳೆಯ ಹೂರಣ ನುಣುಪು ಹೆಚ್ಚು, ಆದರೆ ನೀರನ್ನು ಹಿಡಿದಿಟ್ಟುಕೊಳ್ಳುವುದೂ ಹೆಚ್ಚು. ಕಡಲೆಬೇಳೆಯದು ಸ್ವಲ್ಪ ತರಿ, ಹಾಗಾಗಿ ಹೊಸಬರಿಗೆ ಅದೇ ಸುಲಭ. ಯಾವುದು ನಿಜವಾದ ಒಬ್ಬಟ್ಟು ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ, ಏಕೆಂದರೆ ಆ ವಾದ ಶುರುವಾದರೆ ಕಾಯಿ ಒಬ್ಬಟ್ಟಿನವರು ಬಂದು ಸೇರಿಕೊಳ್ಳುತ್ತಾರೆ.

ಅರ್ಧ ಕಿಲೋ ಬೇಳೆಗೆ ಎಷ್ಟು ಬೆಲ್ಲ ಬೇಕು, ಎಷ್ಟು ಒಬ್ಬಟ್ಟು ಆಗುತ್ತವೆ?

ಅರ್ಧ ಕಿಲೋ ಬೇಳೆಗೆ ಅರ್ಧ ಕಿಲೋ ಬೆಲ್ಲ ಎಂಬುದು ನೆಮ್ಮದಿಯ ಅಳತೆ. ಹೆಚ್ಚು ಸಿಹಿ ಇಷ್ಟಪಡುವ ಮನೆಗಳಲ್ಲಿ ಇನ್ನೊಂದು ಹಿಡಿ ಸೇರಿಸಬಹುದು. ಕಣಕಕ್ಕೆ ಚಿರೋಟಿ ರವೆ ಮತ್ತು ಮೈದಾ ಸಮಭಾಗದಲ್ಲಿ ಸೇರಿ 300 ಗ್ರಾಂ ಸಾಕು. ದೊಡ್ಡ ನಿಂಬೆಹಣ್ಣಿನ ಗಾತ್ರದ ಹೂರಣದ ಉಂಡೆ ಮಾಡಿದರೆ 25ರಿಂದ 30 ಒಬ್ಬಟ್ಟುಗಳಾಗುತ್ತವೆ. ಕಣಕದ ಉಂಡೆ ಯಾವಾಗಲೂ ಹೂರಣದ ಉಂಡೆಗಿಂತ ಚಿಕ್ಕದಾಗಿರಬೇಕು. ಎರಡೂ ಸಮನಾದರೆ ತಿನ್ನುವವರಿಗೆ ಸಿಹಿ ಚಪಾತಿ ತಿಂದಂತಾಗುತ್ತದೆ.

ಹೂರಣ ನೀರಾಗಿದೆ, ಉಂಡೆ ಕಟ್ಟಲು ಬರುತ್ತಿಲ್ಲ. ಈಗ ಏನು ಮಾಡಬೇಕು?

ಯುಗಾದಿಯ ಬೆಳಗ್ಗೆ ಹನ್ನೊಂದು ಗಂಟೆಗೆ ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಮೊದಲು ಪರಿಹಾರ, ಆಮೇಲೆ ಕಾರಣ.

ಹೂರಣವನ್ನು ದಪ್ಪ ತಳದ ಅಗಲ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಿರಬೇಕು. ಅಗಲವಾದ ಪಾತ್ರೆ ಬೇಕಾಗುವುದು ನೀರು ಬೇಗ ಆವಿಯಾಗಲೆಂದು. ಕಿರಿದಾದ, ಆಳದ ಪಾತ್ರೆಯಲ್ಲಿ ಮೇಲೆ ನೀರು ಹಾಗೆಯೇ ಉಳಿದು ಕೆಳಗೆ ಸೀಯುತ್ತದೆ. ಸೌಟಿನಿಂದ ಬಾಣಲೆಯ ಮಧ್ಯೆ ಒಂದು ಗೆರೆ ಎಳೆದಾಗ ಆ ಗೆರೆ ತಕ್ಷಣ ಮುಚ್ಚಿಕೊಳ್ಳದೆ ನಿಂತರೆ ಇಳಿಸಬಹುದು, ಏಕೆಂದರೆ ಆರಿದ ಮೇಲೆ ಹೂರಣ ಇನ್ನಷ್ಟು ಗಟ್ಟಿಯಾಗುತ್ತದೆ. ಇಷ್ಟಕ್ಕೆ ಸಮಯವಿಲ್ಲದಿದ್ದರೆ ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಎರಡು ಮೂರು ಚಮಚ ಬೆರೆಸಿ ಹತ್ತು ನಿಮಿಷ ಬಿಡಬೇಕು. ಹುರಿದ ಚಿರೋಟಿ ರವೆಯೂ ಆಗುತ್ತದೆ. ಒಂದು ಯುಗಾದಿಗೆ ನಮ್ಮ ಮನೆಯಲ್ಲಿ ಹೂರಣ ಗಂಜಿಯಂತಾಗಿ, ಬಂದ ನೆಂಟರು ಎಲೆಯ ಮುಂದೆ ಕುಳಿತಿದ್ದಾಗ, ಚಟ್ನಿಗೆಂದು ಇಟ್ಟಿದ್ದ ಹುರಿಗಡಲೆಯೇ ಮಾನ ಉಳಿಸಿತು. ಆ ದಿನ ಚಟ್ನಿ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಇನ್ನು ಕಾರಣ. ಬೇಳೆಯನ್ನು ಕುಕ್ಕರಿನಲ್ಲಿ ಸೀಟಿ ಕೂಗಿಸಿ ಸಾರಿಗೆ ಬೇಯಿಸುವಂತೆ ಮುದ್ದೆಯಾಗುವಷ್ಟು ಬೇಯಿಸಿದರೆ ಕಟ್ಟು ಬಸಿಯಲು ಸಾಧ್ಯವಾಗುವುದಿಲ್ಲ. ನೀರು ಬೇಳೆಯೊಳಗೇ ಸೇರಿಹೋಗಿರುತ್ತದೆ. ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ, ಒಂದು ಬೇಳೆಯನ್ನು ಬೆರಳುಗಳ ನಡುವೆ ಹಿಸುಕಿದಾಗ ಸುಲಭವಾಗಿ ಪುಡಿಯಾಗಬೇಕು, ಆದರೆ ಪಾತ್ರೆಯಲ್ಲಿ ಬೇಳೆಯ ಆಕಾರ ಉಳಿದಿರಬೇಕು; ಆ ಹಂತದಲ್ಲಿ ಬಸಿದು, ಜರಡಿಯಲ್ಲೇ ಕಾಲು ಗಂಟೆ ಬಿಡಬೇಕು. ಎರಡನೆಯ ಕಾರಣ ಬೆಲ್ಲ. ಬೆಲ್ಲ ಬಿಸಿಗೆ ಕರಗಿ ತಾನೇ ನೀರಾಗುತ್ತದೆ, ಆದ್ದರಿಂದ ಬೆಲ್ಲ ಹಾಕಿದ ಮೇಲೆ ಹೂರಣ ಸಡಿಲವಾಗುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಒಲೆ ಆರಿಸುವವರೇ ಹೆಚ್ಚು; ಒಲೆ ಆರಿಸಬಾರದ ಹೊತ್ತು ಅದೇ. ಮೂರನೆಯದಾಗಿ, ಮಿಕ್ಸಿಯಲ್ಲಿ ರುಬ್ಬುವಾಗ ಬ್ಲೇಡು ತಿರುಗಲೆಂದು ಹಾಕುವ "ಸ್ವಲ್ಪ ನೀರು" ಎಂಬುದನ್ನು ಸಂಪೂರ್ಣ ಬಿಡಬೇಕು. ನೀರಿಲ್ಲದೆ ತಿರುಗದಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ ರುಬ್ಬಿಕೊಳ್ಳುವುದು ಒಳ್ಳೆಯದು.

ಒಬ್ಬಟ್ಟು ತಟ್ಟುವಾಗ ಹರಿದು ಹೂರಣ ಹೊರಗೆ ಬರುತ್ತದೆ. ಕಣಕದ ತಪ್ಪೇ?

ಹೆಚ್ಚಿನ ಸಂದರ್ಭಗಳಲ್ಲಿ ಹೌದು. ಕಣಕಕ್ಕೆ ಇಲ್ಲಿ ಮಾತ್ರ ನೀರಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಚಪಾತಿ ಹಿಟ್ಟಿಗಿಂತ ಬಹಳ ಸಡಿಲವಾಗಿ, ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ, ಆಮೇಲೆ ಎಣ್ಣೆ ಹಾಕುತ್ತಾ ನಾದಿ, ಮೇಲೆ ಎಣ್ಣೆ ನಿಲ್ಲುವಂತೆ ಬಿಟ್ಟು ಕನಿಷ್ಠ ಎರಡು ಮೂರು ಗಂಟೆ ಮುಚ್ಚಿಡಬೇಕು. ನಾದಿದ ಕೂಡಲೇ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಎಳೆಯುತ್ತದೆ; ಹೊತ್ತು ಕಳೆದಂತೆ ಅದರ ಬಿಗಿ ಸಡಿಲವಾಗಿ, ರವೆ ನೀರು ಕುಡಿದು, ಎಳೆದರೆ ಹರಿಯದೆ ಹಿಗ್ಗುವ ಗುಣ ಬರುತ್ತದೆ. ಚಿಟಿಕೆ ಅರಿಶಿನ ಬಣ್ಣಕ್ಕೆ ಮಾತ್ರ. ಹೂರಣ ಮತ್ತು ಕಣಕ ಮುಟ್ಟಿದರೆ ಹೆಚ್ಚುಕಡಿಮೆ ಒಂದೇ ಮೆತ್ತಗಿರಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ಹೂರಣ ಗಟ್ಟಿ, ಕಣಕ ಮೆತ್ತಗೆ ಆದರೆ ತಟ್ಟುವಾಗ ಕಣಕ ಅಂಚಿಗೆ ಓಡಿ ಹೂರಣ ಮಧ್ಯದಲ್ಲೇ ಗುಡ್ಡೆಯಾಗಿ ನಿಲ್ಲುತ್ತದೆ.

ಬಾಳೆ ಎಲೆಯ ಬದಲು ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ಬಳಸುವವರು ಅದನ್ನು ಬಿಸಿ ಕಾವಲಿಗೆ ತಾಗಿಸದೆ, ಒಬ್ಬಟ್ಟನ್ನು ಅಂಗೈಗೆ ತೆಗೆದುಕೊಂಡು ಹಾಕಬೇಕು. ಬಾಳೆ ಎಲೆಯಾದರೆ ಎಲೆಸಮೇತ ಕಾವಲಿಗೆ ಮಗುಚಿ, ಒಂದು ಕ್ಷಣ ಬಿಟ್ಟು, ಎಲೆಯನ್ನು ನಿಧಾನವಾಗಿ ಬಿಡಿಸಬಹುದು. ಎಲೆ ಬಾಡುವಾಗ ಬರುವ ಆ ಪರಿಮಳಕ್ಕೆ ಪ್ಲಾಸ್ಟಿಕ್ಕಿನಲ್ಲಿ ಪರ್ಯಾಯವಿಲ್ಲ.

ಒಬ್ಬಟ್ಟಿನ ಸಾರು ಮರುದಿನವೇ ಹೆಚ್ಚು ರುಚಿಯಾಗಿರುವುದು ಏಕೆ?

ಬೇಳೆ ಬಸಿದ ಕಟ್ಟು, ಒಂದು ಉಂಡೆ ಹೂರಣ, ಹುಣಸೆ, ತೆಂಗಿನಕಾಯಿ, ಸಾರಿನ ಪುಡಿ ಇವೆಲ್ಲ ಒಂದಕ್ಕೊಂದು ಹೊಂದಿಕೊಳ್ಳಲು ಹೊತ್ತು ಬೇಕು. ಮರುದಿನ ಮತ್ತೆ ಕುದಿಸಿದಾಗ ಇನ್ನಷ್ಟು ನೀರು ಆರಿ ಸಾರು ಸಾಂದ್ರವಾಗುತ್ತದೆ. ಸಿಹಿ, ಹುಳಿ, ಖಾರ ಬೇರೆ ಬೇರೆಯಾಗಿ ನಾಲಗೆಗೆ ಸಿಗದೆ ಒಂದಾಗಿ ಬರುತ್ತವೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಾಕು. ಯುಗಾದಿ ಬೇಸಿಗೆಯ ಹಬ್ಬವಾದ್ದರಿಂದ ರಾತ್ರಿ ಮಲಗುವ ಮುನ್ನ ಒಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡಬೇಕು. ಕಾಯಿ ರುಬ್ಬಿ ಹಾಕಿದ ಸಾರು ಹೊರಗಿದ್ದರೆ ಬೆಳಗಾಗುವಷ್ಟರಲ್ಲಿ ಹಳಸುವ ಸಂಭವ ಹೆಚ್ಚು.

ಎಳೆ ಪಾಕ, ಉಂಡೆ ಪಾಕ ಎಂದು ಬರೆದಿರುತ್ತಾರೆ. ಗುರುತಿಸುವುದು ಹೇಗೆ?

ಪಾಕ ಎಂದರೆ ಸಕ್ಕರೆ ಅಥವಾ ಬೆಲ್ಲದ ನೀರಿನಿಂದ ಎಷ್ಟು ನೀರು ಹೊರಟುಹೋಗಿದೆ ಎಂಬ ಲೆಕ್ಕ, ಅಷ್ಟೇ. ನೀರು ಕಡಿಮೆಯಾದಂತೆ ಕುದಿಯುವ ಉಷ್ಣತೆ ಏರುತ್ತಾ ಹೋಗುತ್ತದೆ. ಬೆರಳುಗಳ ನಡುವೆ ಒಂದೆಳೆ ನಿಲ್ಲುವ ಹೊತ್ತಿಗೆ ಪಾಕ ಸುಮಾರು 105 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ತಣ್ಣೀರಿನಲ್ಲಿ ಮೆತ್ತನೆಯ ಉಂಡೆಯಾಗುವಾಗ 112ರಿಂದ 116. ಉಂಡೆಯನ್ನು ತಟ್ಟೆಗೆ ಎಸೆದರೆ ಟಣ್ ಎನ್ನುವಷ್ಟು ಗಟ್ಟಿಯಾಗಬೇಕಾದರೆ 120 ದಾಟಿರಬೇಕು. ಥರ್ಮಾಮೀಟರು ಇದ್ದರೆ ಬಳಸುವುದಕ್ಕೆ ಯಾವ ನಾಚಿಕೆಯೂ ಬೇಡ.

ಇಲ್ಲದವರಿಗೆ ನಮ್ಮ ಅಮ್ಮನ ಕ್ರಮ ಸಾಕು. ಒಲೆಯ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಂಡು, ಸೌಟಿನ ತುದಿಯಿಂದ ಒಂದು ಹನಿ ಪಾಕವನ್ನು ಅದರಲ್ಲಿ ಬಿಡುತ್ತಿದ್ದರು. ಹನಿ ನೀರಿನಲ್ಲಿ ಬಣ್ಣವಾಗಿ ಹರಡಿದರೆ ಇನ್ನೂ ಆಗಿಲ್ಲ. ತಳದಲ್ಲಿ ಕುಳಿತು, ಬೆರಳಿನಿಂದ ಒತ್ತರಿಸಿದಾಗ ಜಾರುತ್ತಾ ಒಂದು ಕಡೆ ಸೇರಿ, ಕೈಗೆ ತೆಗೆದುಕೊಂಡರೆ ಗೋಲಿಯಂತೆ ನಿಂತು ಒತ್ತಿದರೆ ಚಪ್ಪಟೆಯಾದರೆ ಅದು ಕಜ್ಜಾಯಕ್ಕೆ ಬೇಕಾದ ಉಂಡೆ ಪಾಕ. ಪ್ರತಿ ಸಲ ಪರೀಕ್ಷಿಸುವಾಗಲೂ ಉರಿಯನ್ನು ಪೂರ್ತಿ ತಗ್ಗಿಸುತ್ತಿದ್ದರು. ಪಾಕ ಹದಕ್ಕೆ ಬಂದ ಮೇಲೆ ಮುಂದಿನ ಹದಕ್ಕೆ ಹೋಗಲು ಅರ್ಧ ನಿಮಿಷವೂ ಬೇಡವಾದ್ದರಿಂದ, ನೀವು ಹನಿಯನ್ನು ಉರುಟುತ್ತಾ ಕುಳಿತಿರುವಾಗಲೇ ಬಾಣಲೆಯಲ್ಲಿರುವುದು ಹದ ಮೀರಿರುತ್ತದೆ. ಮೀರಿದ ಪಾಕಕ್ಕೆ ಎರಡು ಚಮಚ ನೀರು ಹಾಕಿ ಮತ್ತೆ ಕುದಿಸಿ ಹಿಂದಕ್ಕೆ ತರಬಹುದು, ಬಣ್ಣ ಕಪ್ಪಾಗದೆ, ಕಮಟು ವಾಸನೆ ಬರದೆ ಇದ್ದರೆ ಮಾತ್ರ.

ಬೆಲ್ಲವನ್ನು ನೇರವಾಗಿ ಪಾಕಕ್ಕೆ ಇಡದೆ, ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಬೇಕು. ಎಷ್ಟೇ ಒಳ್ಳೆಯ ಬೆಲ್ಲವಾದರೂ ಕಬ್ಬಿನ ಸಿಪ್ಪೆಯೋ ಮರಳೋ ಸಿಗುವುದುಂಟು.

ಕಜ್ಜಾಯ ಎಣ್ಣೆಗೆ ಬಿಟ್ಟ ಕೂಡಲೇ ಬಿಚ್ಚಿಕೊಂಡು ಪುಡಿಪುಡಿಯಾಗುತ್ತದೆ. ಎಲ್ಲಿ ತಪ್ಪಿದೆ?

ದೀಪಾವಳಿಯಲ್ಲಿ ಕೇದಾರೇಶ್ವರನ ನೋಮುಗೆ ಕಜ್ಜಾಯ ಮಾಡುವ ಹಳೆ ಮೈಸೂರಿನ ಮನೆಗಳಲ್ಲಿ ಈ ಪ್ರಶ್ನೆಗೆ ಭಯವೂ ಸೇರಿರುತ್ತದೆ, ಏಕೆಂದರೆ ಅಲ್ಲಿ ಕಜ್ಜಾಯ ಕೇವಲ ತಿಂಡಿಯಲ್ಲ, ನೈವೇದ್ಯ. ಹಾಗೆಂದು ದೇವರ ಕೋಪವನ್ನು ಹುಡುಕುವ ಮೊದಲು ಪಾಕವನ್ನು ನೋಡುವುದು ಒಳ್ಳೆಯದು. ಎಣ್ಣೆಯಲ್ಲಿ ಬಿಚ್ಚಿಕೊಳ್ಳುವ ಕಜ್ಜಾಯದ ಸಾಮಾನ್ಯ ಕಾರಣ ಎಳೆಯ ಹಂತದಲ್ಲೇ ಇಳಿಸಿದ ಪಾಕ. ಅದರಲ್ಲಿ ಉಳಿದ ನೀರು ಕಾದ ಎಣ್ಣೆಯಲ್ಲಿ ಆವಿಯಾಗಿ ನುಗ್ಗುವಾಗ ಹಿಟ್ಟಿನ ಕಣಗಳನ್ನು ಹಿಡಿದಿಡುವ ಶಕ್ತಿ ಆ ಬೆಲ್ಲಕ್ಕೆ ಇರುವುದಿಲ್ಲ. ಪಾಕ ಹೆಚ್ಚಾದರೆ ಕಜ್ಜಾಯ ಬಿಚ್ಚುವುದಿಲ್ಲ, ಆದರೆ ಮರುದಿನಕ್ಕೆ ಹಲ್ಲಿನ ವೈದ್ಯರ ಬಳಿಗೆ ಹೋಗಬೇಕಾಗುತ್ತದೆ.

ಎರಡನೆಯ ಕಾರಣ ಅಕ್ಕಿ ಹಿಟ್ಟು. ಅಂಗಡಿಯ ಒಣ ಅಕ್ಕಿ ಹಿಟ್ಟಿನಿಂದ ಕಜ್ಜಾಯ ಆಗುವುದಿಲ್ಲ. ಅಕ್ಕಿಯನ್ನು ಎರಡು ಮೂರು ದಿನ, ಪ್ರತಿದಿನ ನೀರು ಬದಲಿಸುತ್ತಾ ನೆನೆಸಿ, ಬಸಿದು, ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ಹರಡಬೇಕು. ಒಂದು ಹಿಡಿ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಅಂಗೈ ಒದ್ದೆಯಾಗಬಾರದು, ಆದರೆ ನಾಲ್ಕಾರು ಕಾಳು ಅಂಟಿಕೊಂಡಿರಬೇಕು. ಆ ಹದದಲ್ಲಿ ಪುಡಿ ಮಾಡಿ ಜರಡಿ ಹಿಡಿದ ಹಿಟ್ಟನ್ನು ಹಿಡಿದರೆ ಉಂಡೆಯಾಗಿ ನಿಲ್ಲುತ್ತದೆ, ಬೆರಳು ತಾಗಿಸಿದರೆ ಉದುರುತ್ತದೆ. ಅಕ್ಕಿಯನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿದರೆ ಮೂರು ದಿನ ನೆನೆಸಿದ್ದು ವ್ಯರ್ಥ.

ಒಂದು ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ ಸರಿಹೋಗುತ್ತದೆ. ಪಾಕಕ್ಕೆ ಗಸಗಸೆ, ಏಲಕ್ಕಿ, ತುಪ್ಪ ಹಾಕಿ, ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ, ಎರಡು ಹಿಡಿ ಹಿಟ್ಟನ್ನು ಬೇಕೆಂದೇ ಉಳಿಸಿಕೊಳ್ಳಬೇಕು. ಬಿಸಿಯಾಗಿರುವಾಗ ಹಿಟ್ಟು ಸ್ವಲ್ಪ ಸಡಿಲ ಎನ್ನಿಸಿದರೂ ಸರಿ, ರಾತ್ರಿ ಕಳೆದರೆ ಬಿಗಿಯುತ್ತದೆ. ಮರುದಿನ ಮೊದಲು ಒಂದೇ ಒಂದು ಕಜ್ಜಾಯ ತಟ್ಟಿ ಎಣ್ಣೆಗೆ ಬಿಟ್ಟು ನೋಡಿ. ಬಿಚ್ಚಿಕೊಂಡರೆ ಉಳಿಸಿದ ಹಿಟ್ಟನ್ನು ಸೇರಿಸಿ ನಾದಬೇಕು. ಗಟ್ಟಿಯಾಗಿ ಬಿರುಕು ಬಿಟ್ಟರೆ ಹಾಲು ಚಿಮುಕಿಸಿ ನಾದಬೇಕು. ಉರಿ ಮಧ್ಯಮವಾಗಿರಲಿ. ಎಣ್ಣೆಯಿಂದ ತೆಗೆದ ಕಜ್ಜಾಯವನ್ನು ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡುವುದನ್ನು ಮರೆಯಬಾರದು. ಮನೆಯಲ್ಲಿ ಬಿಡುವಾಗಿರುವ ಮಾವನವರಿಗೋ ಚಿಕ್ಕಪ್ಪನವರಿಗೋ ಒಪ್ಪಿಸಲು ಅತ್ಯಂತ ಯೋಗ್ಯವಾದ ಕೆಲಸ ಅದು.

ಚಕ್ಕುಲಿ ಕೆಲವೊಮ್ಮೆ ಕಲ್ಲು, ಕೆಲವೊಮ್ಮೆ ಎಣ್ಣೆ ಕುಡಿದು ಮೆತ್ತಗೆ. ಸರಿಯಾದ ಅಳತೆ ಯಾವುದು?

ನಾಲ್ಕು ಲೋಟ ಅಕ್ಕಿ ಹಿಟ್ಟು, ಒಂದು ಲೋಟ ಹುರಿದ ಉದ್ದಿನಬೇಳೆಯ ಹಿಟ್ಟು, ಎರಡು ಮೂರು ದೊಡ್ಡ ಚಮಚ ಬೆಣ್ಣೆ. ಬೆಣ್ಣೆ ಕಡಿಮೆಯಾದರೆ ಗಟ್ಟಿ; ಹೆಚ್ಚಾದರೆ ಎಣ್ಣೆಯಲ್ಲಿ ಉದುರಿ, ಎಣ್ಣೆ ಕುಡಿಯುತ್ತದೆ. ಒಂದೇ ಸಲ ಎಲ್ಲ ಹಿಟ್ಟನ್ನೂ ಕಲಸಿಟ್ಟರೆ ಕೊನೆಯ ಚಕ್ಕುಲಿಗಳು ಕೆಂಪಾಗಿ ತುಂಡಾಗುತ್ತವೆ, ಆದ್ದರಿಂದ ಎರಡು ಮೂರು ಸಲಕ್ಕೆ ಕಲಸಿಕೊಳ್ಳಬೇಕು. ಬೆಂದ ಗುರುತನ್ನು ಬಣ್ಣದಿಂದ ನೋಡಬಾರದು. ಚಕ್ಕುಲಿಯ ಸುತ್ತ ಏಳುವ ನೊರೆ ಹಿಟ್ಟಿನಿಂದ ಹೊರಬರುವ ನೀರಿನ ಆವಿ. ಆ ನೊರೆ ಪೂರ್ತಿ ಅಡಗಿ ಎಣ್ಣೆಯ ಸದ್ದು ನಿಂತಾಗ ತೆಗೆದರೆ ಡಬ್ಬದಲ್ಲಿ ಹದಿನೈದು ದಿನ ಗರಿಗರಿಯಾಗಿ ಉಳಿಯುತ್ತದೆ. ಬಿಸಿಯಿರುವಾಗಲೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದರೆ, ಎಣ್ಣೆಯಲ್ಲಿ ಕಷ್ಟಪಟ್ಟು ಕಳೆದ ನೀರನ್ನು ಮುಚ್ಚಳದ ಒಳಮೈಯಿಂದ ಮತ್ತೆ ಅದಕ್ಕೇ ಕುಡಿಸಿದಂತೆ.

ಬೆಲ್ಲದ ಪಾಯಸಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ತಪ್ಪಿಸುವುದು ಹೇಗೆ?

ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣವಿದೆ. ಬಿಸಿ ಮತ್ತು ಹುಳಿ ಒಟ್ಟಾದಾಗ ಹಾಲಿನ ಪ್ರೋಟೀನು ಗಟ್ಟಿಗಟ್ಟುತ್ತದೆ. ಪಾಯಸವನ್ನು ಒಲೆಯಿಂದ ಇಳಿಸಿ, ಉಗುರುಬೆಚ್ಚಗಾಗುವವರೆಗೆ ಕಾದು, ಕಾಯಿಸಿ ಆರಿಸಿದ ಹಾಲನ್ನು ಸೇರಿಸಬೇಕು. ಆಮೇಲೆ ಮತ್ತೆ ಕುದಿಸಬಾರದು. ಕಾಯಿ ಹಾಲು ಹಾಕುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಎಳ್ಳು-ಬೆಲ್ಲ ಎರಡೇ ದಿನದಲ್ಲಿ ಜಿಗುಟಾಗುತ್ತದೆ. ಏಕೆ?

ಬೆಲ್ಲ ಗಾಳಿಯಿಂದ ತೇವ ಎಳೆದುಕೊಳ್ಳುವ ಪದಾರ್ಥ. ಸಂಕ್ರಾಂತಿಗೆ ವಾರ ಮೊದಲೇ ಗಟ್ಟಿ ಅಚ್ಚು ಬೆಲ್ಲವನ್ನು ಸಣ್ಣಗೆ ಕತ್ತರಿಸಿ, ತೆಳು ಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಹಸಿ ಕಾಯಿ ಸುತರಾಂ ಬೇಡ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ತುಂಡು ಮಾಡಿ, ಅದನ್ನೂ ಒಣಗಿಸಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದದ್ದು, ಹುರಿಗಡಲೆ, ಕೊಬ್ಬರಿ, ಬೆಲ್ಲ ಇವು ಸಮ; ಬಿಳಿ ಎಳ್ಳು ಅದರ ಅರ್ಧ. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು ಪೂರ್ತಿ ಆರಿಸಬೇಕು. ಎಲ್ಲವನ್ನೂ ಬೇರೆ ಬೇರೆ ಡಬ್ಬಗಳಲ್ಲಿಟ್ಟು, ಎಳ್ಳು ಬೀರಲು ಹೊರಡುವ ದಿನ ಬೆಳಗ್ಗೆ ಬೆರೆಸಿದರೆ ಜಿಗುಟಿನ ಪ್ರಶ್ನೆಯೇ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಕೊಡುವುದನ್ನು ತರಿಯಾಗಿ ಪುಡಿ ಮಾಡಿ ಕೊಡಬೇಕು, ಇಡೀ ಕಡಲೆಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಸಕ್ಕರೆ ಅಚ್ಚನ್ನು ಮನೆಯಲ್ಲಿ ಮಾಡುವವರು ಈಗ ಕಡಿಮೆ. ಮರದ ಅಚ್ಚುಗಳು ಅಟ್ಟದ ಮೇಲಿದ್ದರೆ, ಪಾಕ ಹೊಯ್ಯುವ ಮೊದಲು ಅವುಗಳನ್ನು ನೀರಿನಲ್ಲಿ ನೆನೆಸಬೇಕು ಎಂಬುದಷ್ಟನ್ನು ನೆನಪಿಡಿ. ಒಣ ಅಚ್ಚಿಗೆ ಹೊಯ್ದ ಸಕ್ಕರೆ ಬಿಡಿಸುವಾಗ ಗಿಳಿಯ ತಲೆ ಒಳಗೇ ಉಳಿದು, ದೇಹ ಮಾತ್ರ ಹೊರಗೆ ಬರುತ್ತದೆ.

ಇದುವರೆಗೆ ಏನೂ ಮಾಡಿಲ್ಲ. ಯಾವುದರಿಂದ ಆರಂಭಿಸಬೇಕು?

ತಂಬಿಟ್ಟಿನಿಂದ. ಎಣ್ಣೆ ಕಾಯಿಸುವ, ತಟ್ಟುವ, ಲಟ್ಟಿಸುವ ಯಾವ ಕೆಲಸವೂ ಇಲ್ಲ. ಶಿವರಾತ್ರಿಗೆ ಮಾಡುವಂತೆ ಅಕ್ಕಿ ಹಿಟ್ಟನ್ನು ಘಮ ಬರುವವರೆಗೆ ಹುರಿದು, ಹುರಿಗಡಲೆ ಪುಡಿ, ಹುರಿದ ಕಡಲೆಬೀಜ, ಎಳ್ಳು, ಕೊಬ್ಬರಿ ಸೇರಿಸಿ, ಒಂದೆಳೆ ಬೆಲ್ಲದ ಪಾಕ ಹೊಯ್ದು ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು. ಕೈ ಸುಡುತ್ತದೆ ಎಂದು ಆರಲು ಬಿಟ್ಟರೆ ಪುಡಿಯಾಗಿಯೇ ಉಳಿಯುತ್ತದೆ; ಆಗ ಒಂದು ಚಮಚ ಬಿಸಿ ಹಾಲು ಅಥವಾ ತುಪ್ಪ ಸಾಕು.

ಮೈಸೂರು ಪಾಕ್ ಮನೆಯಲ್ಲಿ ಗೂಡುಗೂಡಾಗಿ ಬರುವುದೇ ಇಲ್ಲ. ಅದು ಅಂಗಡಿಯವರಿಗೆ ಮಾತ್ರ ಸಾಧ್ಯವೇ?

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರೆಂಬುದು ಪ್ರಚಲಿತವಾದ ಕಥೆ. ಮನೆಯಲ್ಲೂ ಆಗುತ್ತದೆ, ಆದರೆ ತುಪ್ಪಕ್ಕೆ ಲೆಕ್ಕ ಹಾಕುವವರಿಗೆ ಆಗುವುದಿಲ್ಲ. ಒಂದು ಲೋಟ ಕಡಲೆ ಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಒಂದೆಳೆ ಪಾಕಕ್ಕೆ ಜರಡಿ ಹಿಡಿದ ಹಿಟ್ಟನ್ನು ಬೆರೆಸಿ, ಪಕ್ಕದ ಒಲೆಯಲ್ಲಿ ತುಪ್ಪವನ್ನು ಕಾಯುತ್ತಲೇ ಇಟ್ಟು, ಒಂದೊಂದು ಸೌಟಿನಂತೆ ಹೊಯ್ಯುತ್ತಾ ಹೋಗಬೇಕು. ಕಾದ ತುಪ್ಪ ಬಿದ್ದಾಗ ಪಾಕದಲ್ಲಿರುವ ನೀರು ಆವಿಯಾಗಿ ನುಗ್ಗಿ ಹೋಗುವ ದಾರಿಗಳೇ ಆ ಗೂಡುಗಳು. ತುಪ್ಪ ಬೆಚ್ಚಗಷ್ಟೇ ಇದ್ದರೆ ಆವಿಯೂ ಇಲ್ಲ, ಗೂಡೂ ಇಲ್ಲ. ಸಿಗುವುದು ಮೆತ್ತನೆಯ ಮೈಸೂರು ಪಾಕ್. ಅದೂ ಕೆಟ್ಟದ್ದಲ್ಲ, ಹಲವರು ಅದನ್ನೇ ಕೇಳಿ ಕೊಳ್ಳುತ್ತಾರೆ.

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಮಧುಮೇಹಿಗಳು ತಿನ್ನಬಹುದೇ?

ಇಲ್ಲ. ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಗಳಿವೆ ಎಂಬುದು ನಿಜ, ಆದರೆ ಅದರ ಬಹುಭಾಗ ಸಕ್ಕರೆಯೇ. 100 ಗ್ರಾಂಗೆ ಸುಮಾರು 380 ಕ್ಯಾಲೊರಿ, ಅಂದರೆ ಸಕ್ಕರೆಗೆ ಹತ್ತಿರ ಹತ್ತಿರ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿಯೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹಬ್ಬದ ದಿನ ಎಷ್ಟು ತಿನ್ನಬಹುದೆಂಬುದನ್ನು ಅವರ ವೈದ್ಯರನ್ನೇ ಕೇಳಬೇಕು. ಒಬ್ಬಟ್ಟನ್ನು ಅಂಗೈ ಗಾತ್ರಕ್ಕೆ ಚಿಕ್ಕದಾಗಿ ತಟ್ಟುವುದು ನಾವು ಮಾಡಬಹುದಾದ ಸಹಾಯ. ಅಜ್ಜನ ಎಲೆಗೆ ಅರ್ಧ ಒಬ್ಬಟ್ಟು ಬಡಿಸುವುದಕ್ಕಿಂತ ಇಡಿಯಾದ ಪುಟ್ಟ ಒಬ್ಬಟ್ಟು ಬಡಿಸುವುದು ನೋಡಲೂ ಚೆನ್ನ.

ಕ್ರಿಸ್‌ಮಸ್ ಮತ್ತು ರಂಜಾನ್ ಹಬ್ಬಗಳಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂದು ಹಲವು ಬಗೆಯ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ನೆರೆಹೊರೆಗೆ ಹಂಚುತ್ತಾರೆ. ನೆವ್ರಿ, ಕಿಡಿಯೊ, ಗುಲಾಬಿ ಹೂವಿನಾಕಾರದ ಕುಕ್ಕೀಸ್ ಮುಂತಾದವೆಲ್ಲ ಚೆನ್ನಾಗಿ ಕರಿದು ತೇವ ಕಳೆದ ತಿಂಡಿಗಳಾದ್ದರಿಂದಲೇ ದಿನಗಟ್ಟಲೆ ಉಳಿಯುತ್ತವೆ. ರಂಜಾನ್ ಹಬ್ಬದ ಸುರಕುಂಬಾ ಇದಕ್ಕೆ ವಿರುದ್ಧ. ಹಾಲು, ಶಾವಿಗೆ, ಖರ್ಜೂರಗಳ ಅದನ್ನು ಅಂದೇ ಕುಡಿಯಬೇಕು, ಇಟ್ಟರೆ ಶಾವಿಗೆ ಹಾಲನ್ನೆಲ್ಲ ಕುಡಿದು ಮುದ್ದೆಯಾಗುತ್ತದೆ.

ಹೊರದೇಶದಲ್ಲಿದ್ದೇವೆ. ಚಿರೋಟಿ ರವೆ, ಬಾಳೆ ಎಲೆ, ಒಳ್ಳೆಯ ಬೆಲ್ಲ ಸಿಗುವುದಿಲ್ಲ. ಏನು ಮಾಡಬಹುದು?

ಚಿರೋಟಿ ರವೆಯ ಬದಲು ಸಣ್ಣ ರವೆಯನ್ನು ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಜರಡಿ ಹಿಡಿಯಬಹುದು. ಅಮೆರಿಕದ ಆಲ್ ಪರ್ಪಸ್ ಹಿಟ್ಟು ಮೈದಾಕ್ಕೆ ಸರಿಸಮ. ಬಾಳೆ ಎಲೆಗೆ ಬದಲಾಗಿ ಬೇಕಿಂಗ್ ಕಾಗದಕ್ಕೆ ಎಣ್ಣೆ ಸವರಿ ತಟ್ಟಬಹುದು, ಅದು ಬಿಸಿಯನ್ನೂ ತಡೆಯುತ್ತದೆ. ತುಪ್ಪ ಕಾಯಿಸಲು ಉಪ್ಪಿಲ್ಲದ ಬೆಣ್ಣೆಯನ್ನೇ ಕೊಳ್ಳಬೇಕು. ಶೀತಲ ಪೆಟ್ಟಿಗೆಯ ತುರಿದ ಕಾಯಿಯನ್ನು ಕಾಯಿ ಒಬ್ಬಟ್ಟಿಗೆ ಬಳಸುವುದಾದರೆ ಕರಗಿದ ಮೇಲೆ ಹಿಂಡಿ, ಬಾಣಲೆಯಲ್ಲಿ ಸ್ವಲ್ಪ ಬಾಡಿಸಿ ಆಮೇಲೆ ಬೆಲ್ಲ ಹಾಕಬೇಕು, ಇಲ್ಲದಿದ್ದರೆ ಮತ್ತೆ ಅದೇ ನೀರಿನ ಕಥೆ. ಚಳಿ ಊರುಗಳಲ್ಲಿ ಕಣಕ ಬಿಗಿದುಕೊಳ್ಳುತ್ತದೆ. ಒಲೆಯ ಹತ್ತಿರ ಬೆಚ್ಚಗೆ ಇಟ್ಟರೆ ಸಡಿಲವಾಗುತ್ತದೆ.

ಮೂರು ದಿನ ಸಿಹಿ ತಿಂದ ಮೇಲೆ ಮನೆಮಂದಿಗೆ ಹಿತವಾಗುವ ಊಟ ಯಾವುದು?

ಕಾಳುಮೆಣಸು ಜೀರಿಗೆಯ ಸಾರು, ಬಿಸಿ ಅನ್ನ, ಸುಟ್ಟ ಹಪ್ಪಳ. ಸಂಜೆಗೆ ಗೊಜ್ಜವಲಕ್ಕಿ. ಇದಕ್ಕೆ ಪಾಕವಿಧಾನ ಕೇಳುವವರು ಅಮ್ಮನಿಗೆ ಫೋನ್ ಮಾಡುವುದು ಒಳ್ಳೆಯದು.

ಉಳಿದ ಒಬ್ಬಟ್ಟನ್ನು ಎಷ್ಟು ದಿನ ಇಡಬಹುದು, ಬಿಸಿ ಮಾಡುವುದು ಹೇಗೆ?

ಬೇಳೆ ಒಬ್ಬಟ್ಟು ಬೇಸಿಗೆಯಲ್ಲಿ ಹೊರಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಫ್ರಿಜ್ಜಿನಲ್ಲಿ ಐದಾರು ದಿನ. ಬಿಸಿಯಾಗಿರುವಾಗ ಒಂದರ ಮೇಲೊಂದು ಪೇರಿಸಿದರೆ ಬೆವರಿ ಅಂಟಿಕೊಳ್ಳುತ್ತವೆ, ಆದ್ದರಿಂದ ಹತ್ತಿ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಆರಿಸಿ ಆಮೇಲೆ ಜೋಡಿಸಬೇಕು. ಹುಳಿ ವಾಸನೆ ಬಂದರೆ, ಮುರಿದಾಗ ಹೂರಣ ನೂಲಿನಂತೆ ಎಳೆಯೆದ್ದರೆ ಎಸೆಯಬೇಕು. ಮೈಕ್ರೋವೇವಿನಲ್ಲಿ ಇಟ್ಟ ಒಬ್ಬಟ್ಟು ಒಂದು ನಿಮಿಷ ಮೆತ್ತಗಿದ್ದು ಆಮೇಲೆ ಚರ್ಮದಂತಾಗುತ್ತದೆ. ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ ಎರಡೂ ಬದಿ ಬೆಚ್ಚಗೆ ಮಾಡಿ, ತಟ್ಟೆಗೆ ಹಾಕಿದ ಮೇಲೆ ತುಪ್ಪ ಬಿಡಬೇಕು. ಪಕ್ಕದಲ್ಲಿ ಒಂದು ಬಟ್ಟಲು ಹಾಲು ಇರಲಿ. ಅಂಚು ಗಟ್ಟಿಯಾಗಿದ್ದರೆ ಮುರಿದು ಅದರಲ್ಲಿ ಅದ್ದಿ ತಿನ್ನಬಹುದು.